ಮನೆಯಲ್ಲೇ ಸಿಕ್ಕಿಹಾಕಿಕೊಂಡಾಗ ನೀವು ನೋಡುವ ಸಿನಿಮಾ ಯಾವುದು?

ಕಿಟಕಿಪಕ್ಕ
ಎಲ್ಲರಿಗೂ ನಮಸ್ಕಾರ. ಕಾಲಿಗೆ ಪ್ಲಾಸ್ಟರ್ ಬಿದ್ದಿದೆ. ಅದನ್ನು ಬಿಚ್ಚುವವರೆಗೂ ಮೆಟ್ಟಿಲು ಇಳಿಯುವ ಹಾಗಿಲ್ಲ ಅಂತ ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದಾರೆ. ಓದೋಣ ಅಂದರೆ ಮಾತ್ರೆಯ ಮಂಪರಿಗೆ ಸಾಲುಗಳು ನಿಲ್ಲುತ್ತಿಲ್ಲ, ಹಾಗಾಗಿ ಸಿನಿಮಾನೇ ಗತಿ. 'ನೋಡಲೇಬೇಕಾದ ನೂರು ಚಿತ್ರ'ದಂಥ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತೆ, ನನಗೆ ಅದು ಬೇಡ. ಜ್ವರವೋ, ಮಳೆಯೋ, ಯಾರನ್ನೋ ನೋಡಿಕೊಳ್ಳುವ ಜವಾಬ್ದಾರಿಯೋ, ಏನೋ ಒಂದು ಕಾರಣಕ್ಕೆ ನೀವು ಹೊರಗೆ ಹೋಗಲಾರದೆ ಕೂತಿದ್ದಾಗ ನಿಮ್ಮ ಕೈ ಹಿಡಿದ ಸಿನಿಮಾ ಯಾವುದು, ಯಾಕೆ ಅಂತ ಹೇಳಿ. ಭಾಷೆ ಯಾವುದಾದರೂ ಸರಿ. ಹೆಸರಷ್ಟೇ ಬರೆದು ಹೋಗಬೇಡಿ, ದಯವಿಟ್ಟು.

ಹಳೇರೀಲು
ಕಾಲಿಗೆ ಪ್ಲಾಸ್ಟರ್ ಅಂದಮೇಲೆ ಹಿಚ್‌ಕಾಕ್‌ನ 'ರಿಯರ್ ವಿಂಡೋ' (1954) ಬಿಟ್ಟು ಬೇರೆ ಹೆಸರು ನನ್ನ ಬಾಯಿಗೆ ಬರುವುದೇ ಇಲ್ಲ. ಜೇಮ್ಸ್ ಸ್ಟೂವರ್ಟ್ ಒಬ್ಬ ಫೋಟೋಗ್ರಾಫರ್. ಕಾಲು ಮುರಿದು ಗಾಲಿಕುರ್ಚಿಯಲ್ಲಿ ಕೂತಿದ್ದಾನೆ. ಎದುರಿಗೊಂದು ಕಿಟಕಿ, ಕಿಟಕಿಯಾಚೆ ಒಂದು ಅಂಗಳ, ಅಂಗಳದ ಸುತ್ತ ಬೇರೆಯವರ ಕಿಟಕಿಗಳು. ಚಿತ್ರದ ಬಹುಪಾಲು ಕ್ಯಾಮೆರಾ ಅವನ ಕೋಣೆಯಲ್ಲೇ ಇರುತ್ತೆ. ಅವನಿಗೆ ಕಂಡಷ್ಟೇ ನಮಗೂ ಕಾಣುವುದು.

ಶುರುವಿನ ಒಂದು ಶಾಟ್ ಗಮನಿಸಿ. ಯಾರೂ ಮಾತಾಡುವುದಿಲ್ಲ. ಕ್ಯಾಮೆರಾ ನಿಧಾನವಾಗಿ ಪ್ಲಾಸ್ಟರ್ ಹಾಕಿದ ಕಾಲನ್ನು ತೋರಿಸುತ್ತೆ, ಆಮೇಲೆ ಒಡೆದುಹೋದ ಒಂದು ಕ್ಯಾಮೆರಾ, ಆಮೇಲೆ ಗೋಡೆಯ ಮೇಲೆ ರೇಸ್ ಕಾರಿನ ಅಪಘಾತದ ಫೋಟೋ. ಆ ಫೋಟೋದಲ್ಲಿ ಕಿತ್ತುಬಂದ ಚಕ್ರ ಸೀದಾ ನಮ್ಮ ಕಡೆಗೇ ಹಾರಿ ಬರ್ತಿರುತ್ತೆ. ಅವನು ಯಾರು, ಕಾಲು ಹೇಗೆ ಮುರೀತು, ಅಪಾಯದ ಹತ್ತಿರ ಹೋಗುವುದು ಅವನಿಗೆ ಎಷ್ಟು ಇಷ್ಟ, ಇಷ್ಟೂ ಗೊತ್ತಾಗಿಬಿಡುತ್ತೆ. ಚಿತ್ರಕಥೆ ಬರೆಯಬೇಕು ಅಂತ ಇರುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಅಂಗಳ, ಮಹಡಿ, ಎದುರುಮನೆಗಳು ಎಲ್ಲವೂ ಸ್ಟುಡಿಯೋದೊಳಗೆ ಕಟ್ಟಿದ ಸೆಟ್. ಎದುರುಮನೆಯೊಂದರಲ್ಲಿ ಕೊಲೆ ನಡೆದಿದೆಯೋ ಇಲ್ಲವೋ ಅನ್ನುವ ಕುತೂಹಲ ಒಂದು ಕಡೆ ಇರಲಿ, ನನ್ನನ್ನು ಮತ್ತೆ ಮತ್ತೆ ಎಳೆಯುವುದು ಪಕ್ಕದ ಕಥೆಗಳು. ಒಬ್ಬ ಸಂಗೀತಗಾರ ಇಡೀ ಚಿತ್ರದುದ್ದಕ್ಕೂ ಒಂದು ಟ್ಯೂನ್ ಹುಡುಕ್ತಾನೇ ಇರುತ್ತಾನೆ. ಒಂಟಿ ಹೆಂಗಸೊಬ್ಬಳು ಯಾರೂ ಬಾರದ ಮೇಜಿಗೆ ಇಬ್ಬರಿಗೆ ತಟ್ಟೆ ಜೋಡಿಸುತ್ತಾಳೆ. ಅಲುಗಾಡಲಾಗದೆ ಕೂತಾಗಲೇ ಇಂಥವು ಕಣ್ಣಿಗೆ ಬೀಳುವುದು. ಹಾಗೆ ನೋಡುವುದು ಸರಿಯೇ ಅನ್ನುವ ಪ್ರಶ್ನೆಯನ್ನೂ ಸಿನಿಮಾ ಜೊತೆಗೇ ಎತ್ತುತ್ತೆ, ಉತ್ತರ ನಮಗೇ ಬಿಡುತ್ತೆ. ಕೊನೆ ಮಾತ್ರ ಯಾರೂ ಇಲ್ಲಿ ಬರೀಬೇಡಿ, ಇವರು ಇನ್ನೂ ನೋಡಿಲ್ಲ.

ಮೂರನೇಸಾಲು
ಹಳೇರೀಲು ಸರ್, ನಿಮ್ಮ ಮಾತು ಯಾವಾಗಲೂ ಒಪ್ಪುವವನು ನಾನು. ಈ ಸಲ ಒಪ್ಪಲ್ಲ. ನಾಲ್ಕು ಗೋಡೆ ನೋಡಿ ಸಾಕಾಗಿರುವವರಿಗೆ ಇನ್ನೂ ನಾಲ್ಕು ಗೋಡೆ ತೋರಿಸುವುದು ಯಾಕೆ? ನನಗಂತೂ ಒಳಗೆ ಕೂತಾಗ ರಸ್ತೆ ಬೇಕು, ಆಕಾಶ ಬೇಕು.

ಡೇವಿಡ್ ಲಿಂಚ್‌ನ 'ದಿ ಸ್ಟ್ರೇಟ್ ಸ್ಟೋರಿ' (1999) ನೋಡಿ. ನಿಜವಾಗಿ ನಡೆದದ್ದು. 1994ರಲ್ಲಿ ಆಲ್ವಿನ್ ಸ್ಟ್ರೇಟ್ ಅನ್ನುವ ಎಪ್ಪತ್ತು ದಾಟಿದ ಮನುಷ್ಯ, ಪಾರ್ಶ್ವವಾಯು ಹೊಡೆದ ಅಣ್ಣನನ್ನು ನೋಡಲು ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಅಯೋವಾದಿಂದ ವಿಸ್ಕಾನ್ಸಿನ್‌ಗೆ ಹೊರಡುತ್ತಾನೆ. ಸುಮಾರು 240 ಮೈಲಿ. ಕಣ್ಣು ಮಂಜು, ಸೊಂಟ ಹಿಡಿದಿದೆ, ಕಾರು ಓಡಿಸಲು ಲೈಸೆನ್ಸ್ ಇಲ್ಲ. ಅಣ್ಣತಮ್ಮಂದಿರಿಗೆ ವರ್ಷಗಟ್ಟಲೆ ಮಾತಿಲ್ಲ. ಗಾಡಿಯ ವೇಗ ನಮ್ಮ ನಡಿಗೆಗಿಂತ ಒಂಚೂರು ಜಾಸ್ತಿ, ಅಷ್ಟೇ. ಆ ವೇಗವನ್ನೇ ಚಿತ್ರ ಹಿಡಿದುಕೊಂಡಿದೆ. ಕ್ಯಾಮೆರಾ ರಸ್ತೆಯಿಂದ ಆಕಾಶಕ್ಕೆ ಏರಿ, ಮೋಡ ತೋರಿಸಿ, ಮತ್ತೆ ಇಳಿದಾಗ ಮುದುಕ ಇನ್ನೂ ಅಲ್ಲೇ ಹತ್ತಿರ ಹೋಗ್ತಿರುತ್ತಾನೆ.

ಆ ಪಾತ್ರ ಮಾಡಿದ ರಿಚರ್ಡ್ ಫಾರ್ನ್ಸ್‌ವರ್ತ್ ಚಿತ್ರೀಕರಣದ ಹೊತ್ತಿಗೆ ಕ್ಯಾನ್ಸರ್‌ನಿಂದ ನರಳುತ್ತಿದ್ದರು. ನಡೆಯುವಾಗಿನ ಆ ನೋವು ನಟನೆಯಲ್ಲ. ಆಲ್ವಿನ್ ನಿಜವಾಗಿ ಹೋದ ದಾರಿಯಲ್ಲೇ, ಕಥೆಯ ಕ್ರಮದಲ್ಲೇ ಚಿತ್ರೀಕರಿಸಿದರು. ಪ್ಲಾಸ್ಟರ್ ಹಾಕಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಬೇಕಾ?

ಹಳೇರೀಲು
'ಸ್ಟ್ರೇಟ್ ಸ್ಟೋರಿ' ಬಗ್ಗೆ ನನ್ನ ತಕರಾರೇ ಇಲ್ಲ, ಚಿನ್ನದಂಥ ಸಿನಿಮಾ. ಆದರೆ "ನಾಲ್ಕು ಗೋಡೆ ಯಾಕೆ" ಅಂದಿರಲ್ಲ, ಅದಕ್ಕೆ ಉತ್ತರಿಸದೆ ಬಿಡಲಾರೆ. 2020ರ ಲಾಕ್‌ಡೌನ್ ಶುರುವಾದಾಗ ಜಗತ್ತಿನಾದ್ಯಂತ ಜನ ಹುಡುಕಿಕೊಂಡು ಹೋಗಿ ನೋಡಿದ್ದು ಯಾವುದು? ಸಾಂಕ್ರಾಮಿಕ ರೋಗದ ಕಥೆಯಿದ್ದ 2011ರ 'ಕಂಟೇಜನ್'. ಹೆದರಿಕೆಯಲ್ಲಿದ್ದವರು ಅದೇ ಹೆದರಿಕೆಯ ಕಥೆ ನೋಡಿದರು. ನಮಗೆ ಆಗುತ್ತಿರುವುದಕ್ಕೆ ಒಂದು ಆಕಾರ ಕೊಡಿ ಅಂತ ಮನಸ್ಸು ಕೇಳುತ್ತೆ. ಅದಕ್ಕೇ ನಾನು ಬಂಧನದ ಸಿನಿಮಾಗಳ ಪರ.

ಸಿಡ್ನಿ ಲುಮೆಟ್‌ನ ಮೊದಲ ಚಿತ್ರ '12 ಆಂಗ್ರಿ ಮೆನ್' (1957) ತಗೊಳ್ಳಿ. 96 ನಿಮಿಷ. ಕೆಲವೇ ನಿಮಿಷ ಬಿಟ್ಟರೆ ಮಿಕ್ಕದ್ದೆಲ್ಲ ಒಂದೇ ಕೋಣೆ, ಸೆಕೆ, ಹನ್ನೆರಡು ಜನ ಜ್ಯೂರಿಗಳು, ಅವರ ತೀರ್ಪಿನ ಮೇಲೆ ನಿಂತ ಒಬ್ಬ ಹುಡುಗನ ಜೀವ. ಲುಮೆಟ್ ಏನು ಮಾಡಿದ ಗೊತ್ತಾ? ಶುರುವಿನಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ ಇಟ್ಟ, ನಡುವಿನಲ್ಲಿ ಕಣ್ಣಿನ ಮಟ್ಟಕ್ಕೆ ತಂದ, ಕೊನೆಯ ಭಾಗದಲ್ಲಿ ಇನ್ನೂ ಕೆಳಗಿಳಿಸಿದ. ಆಗ ಚಾವಣಿ ಕಾಣಿಸೋಕೆ ಶುರುವಾಗುತ್ತೆ, ತಲೆ ಮೇಲೇ ಕೂತ ಹಾಗೆ. ಜೊತೆಗೆ ಲೆನ್ಸ್‌ಗಳ ಫೋಕಲ್ ಲೆಂತ್ ಹೆಚ್ಚಿಸುತ್ತಾ ಹೋದ, ಹಿಂದಿನ ಗೋಡೆ ಮುಖದ ಹತ್ತಿರಕ್ಕೆ ಬಂದಂತೆ ಕಾಣುತ್ತೆ. ಹೊರಗೆ ಬರುವ ಕೊನೆಯ ಶಾಟ್‌ಗೆ ಮಾತ್ರ ಅಗಲದ ಲೆನ್ಸ್. ನೋಡುವವರಿಗೆ ಆಗ ಉಸಿರು ಸಿಗುತ್ತೆ. ಆ ಉಸಿರನ್ನು ರಸ್ತೆಯ ಸಿನಿಮಾ ಕೊಡಲಾರದು, ಯಾಕಂದರೆ ಅದು ಮೊದಲು ಉಸಿರು ಕಟ್ಟಿಸಿರುವುದೇ ಇಲ್ಲ.

ಇದನ್ನೇ ಬಾಸು ಚಟರ್ಜಿ ಹಿಂದಿಯಲ್ಲಿ 'ಏಕ್ ರುಕಾ ಹುವಾ ಫೈಸ್ಲಾ' (1986) ಅಂತ ಮಾಡಿದರು. ಪಂಕಜ್ ಕಪೂರ್ ಸಿಟ್ಟು ನೋಡೋಕಾದರೂ ನೋಡಿ.

ಇಂಟರ್ವಲ್
ಕನ್ನಡದ್ದು ಯಾರೂ ಹೇಳಲಿಲ್ಲವಲ್ಲ! 'ಬೆಳದಿಂಗಳ ಬಾಲೆ' (1995). ಸುನಿಲ್ ಕುಮಾರ್ ದೇಸಾಯಿ ನಿರ್ದೇಶನ, ಯಂಡಮೂರಿ ವೀರೇಂದ್ರನಾಥ್ ಕಾದಂಬರಿ. ಅನಂತನಾಗ್ ಚೆಸ್ ಆಟಗಾರ ರೇವಂತ್. ಗೊತ್ತಿಲ್ಲದ ಹುಡುಗಿಯ ಫೋನ್ ಬರುತ್ತೆ, ನನ್ನನ್ನು ಹುಡುಕಿ ಅಂತ ಸವಾಲು ಹಾಕ್ತಾಳೆ. ಅವಳ ದನಿ ಕೇಳುತ್ತೆ, ಮುಖ ಕಾಣಲ್ಲ. ಮನೆಯಲ್ಲಿ ಒಬ್ಬರೇ ಕೂತು, ಫೋನೊಂದೇ ಹೊರಜಗತ್ತು ಅನ್ನುವ ಸ್ಥಿತಿಯಲ್ಲಿ ಇದನ್ನು ನೋಡಿದರೆ ಎದೆಗೆ ನಾಟುತ್ತೆ. ಎದುರಿಗೆ ಇನ್ನೊಂದು ಮುಖವಿಲ್ಲದೆ, ಕಿವಿಗೆ ರಿಸೀವರ್ ಹಿಡಿದು ಬರೀ ಕೇಳಿಸಿಕೊಳ್ಳುತ್ತಾ ಅನಂತನಾಗ್ ನಟಿಸಿರುವ ರೀತಿ ಇದೆಯಲ್ಲ, ಅದಕ್ಕೆ ನನ್ನ ಹತ್ತಿರ ಮಾತಿಲ್ಲ.

ರಾತ್ರಿಪಾಳಿ
ನನ್ನದು ಬೇರೆ ಥರದ ಸಿಕ್ಕಿಹಾಕಿಕೊಳ್ಳುವಿಕೆ. ಅಪ್ಪ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳುವವಳು ನಾನು. ಎರಡು ಗಂಟೆ ಒಂದೇ ಸಮ ಕೂತು ಸಿನಿಮಾ ನೋಡುವುದು ನಮ್ಮಂಥವರಿಗೆ ಆಗದ ಮಾತು. ಹದಿನೈದು ನಿಮಿಷಕ್ಕೊಮ್ಮೆ ಏಳಬೇಕು. ಹಾಗಾಗಿ ನೀವೆಲ್ಲ ಹೇಳ್ತಿರುವ ಬಿಗಿಯಾದ ಚಿತ್ರಗಳು ನನಗೆ ಆಗಿಬರಲ್ಲ. ಕಥೆ ಮೊದಲೇ ಗೊತ್ತಿರಬೇಕು, ಎಲ್ಲಿ ನಿಲ್ಲಿಸಿ ಎಲ್ಲಿಂದ ಶುರು ಮಾಡಿದರೂ ನಡೆಯಬೇಕು. ಹೃಷಿಕೇಶ್ ಮುಖರ್ಜಿಯ 'ಗೋಲ್‌ಮಾಲ್' (1979) ಅಂಥದ್ದು. ಉತ್ಪಲ್ ದತ್ ಮೀಸೆಯ ಬಗ್ಗೆ ಭಾಷಣ ಶುರು ಮಾಡಿದರೆ ಸಾಕು, ಹಿಂದೆ ಮುಂದೆ ಏನೂ ಬೇಡ.

ಅಪ್ಪನಿಗೆ ಈಗ ಕಿವಿ ಸರಿಯಾಗಿ ಕೇಳಲ್ಲ. ಅವರ ಜೊತೆ ಕೂತು ನೋಡಲು ಸಿಕ್ಕ ಅಮೂಲ್ಯ ಸಿನಿಮಾ 'ಪುಷ್ಪಕ ವಿಮಾನ' (1987). ಸಿಂಗೀತಂ ಶ್ರೀನಿವಾಸರಾವ್ ಅವರದು, ಕಮಲ್ ಹಾಸನ್, ಅಮಲಾ. ಮಾತೇ ಇಲ್ಲ. ಕೇಳದೆ ಏನೋ ತಪ್ಪಿಹೋಯಿತು ಅನ್ನುವ ಸಂಕಟ ಅವರಿಗೆ ಇಲ್ಲ, "ಏನಂದ ಏನಂದ" ಅಂತ ಕೇಳುವ ಮುಜುಗರವೂ ಇಲ್ಲ. ನಾವಿಬ್ಬರೂ ಸರಿಸಮ ಪ್ರೇಕ್ಷಕರು. ನಾನು ನಗುವ ಜಾಗದಲ್ಲೇ ಅವರೂ ನಗ್ತಾರೆ. ಸಂಗೀತ ಎಲ್. ವೈದ್ಯನಾಥನ್ ಅವರದು, 'ಮಾಲ್ಗುಡಿ ಡೇಸ್' ಧಾರಾವಾಹಿಗೆ ರಾಗ ಕೊಟ್ಟವರೇ.

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ನೋಡಿ ಅಂತ ಎಲ್ಲರೂ ಹೇಳ್ತಾರೆ. ಮರೆವಿನ ಕಾಯಿಲೆಯ ತಂದೆ, ಹುಡುಕಿ ಹೊರಡುವ ಮಗ. ಒಳ್ಳೆಯ ಚಿತ್ರ, ಅನಂತನಾಗ್ ಕಣ್ಣಲ್ಲೇ ಅರ್ಧ ಹೇಳಿಬಿಡ್ತಾರೆ. ಆದರೆ ಇದೇ ಕೆಲಸ ಮಾಡ್ತಿರುವ ಹೊತ್ತಿನಲ್ಲಿ ನೋಡಬೇಡಿ. ಇನ್ಯಾವಾಗಲಾದರೂ ನೋಡಿ. ಹಳೇರೀಲು ಅವರೇ, ನಿಮ್ಮ "ಆಕಾರ ಕೊಡುವ" ಮಾತು ಎಲ್ಲರಿಗೂ ಅನ್ವಯಿಸಲ್ಲ ಅಂತ ಇಷ್ಟು ಬರೆದೆ.

ಹಳೇರೀಲು
ಒಪ್ಪಿದೆ ಮೇಡಂ. ನೋವು ನಡೀತಿರುವಾಗಲೇ ಅದರ ಕಥೆ ಬೇಡ ಅನ್ನುವ ಹಕ್ಕು ನಿಮಗಿದೆ. ಮಾತಿಲ್ಲದ ಚಿತ್ರ ಅಂದಿರಿ, ನಿಮ್ಮ ತಂದೆಯವರಿಗೆ ಚಾಪ್ಲಿನ್‌ನ 'ಸಿಟಿ ಲೈಟ್ಸ್' (1931), ಬಸ್ಟರ್ ಕೀಟನ್‌ನ 'ದಿ ಜನರಲ್' (1926) ಇವನ್ನೂ ತೋರಿಸಿ. ಕೀಟನ್ ಓಡುವ ರೈಲಿನ ಮೇಲೆ ಮಾಡುವ ಸಾಹಸಗಳನ್ನೆಲ್ಲ ತಾನೇ ಮಾಡಿದ್ದು, ಡೂಪ್ ಇಲ್ಲ. ನಡುವೆ ಬರುವ ಬರಹದ ಫಲಕಗಳನ್ನು ನೀವು ಓದಿ ಸನ್ನೆಯಲ್ಲಿ ಹೇಳಿದರೂ ಆಗುತ್ತೆ.

ಕತ್ತಲಕೋಣಿ
ನೀವೆಲ್ಲಾ ಭಾಳ ಸಮಾಧಾನದ ಸಿನಿಮಾ ಹೇಳಾಕತ್ತೀರಿ. ಹೊರಗ ಮಳಿ, ಒಳಗ ಒಬ್ರ, ಲೈಟ್ ಆರಿಸಿ 'ಕೌನ್?' (1999) ಹಚ್ರಿ. ರಾಮ್ ಗೋಪಾಲ್ ವರ್ಮಾನ ಚಿತ್ರ, ಅನುರಾಗ್ ಕಶ್ಯಪ್ ಬರದಿದ್ದು. ಊರ್ಮಿಳಾ, ಮನೋಜ್ ಬಾಜಪೇಯಿ, ಸುಶಾಂತ್ ಸಿಂಗ್, ಮೂರ ಮಂದಿ ಅಷ್ಟ. ಒಂದ ಮನಿ, ಒಂದ ಮಳಿ ರಾತ್ರಿ, ಬಾಗಿಲಾಗ ಯಾರೋ ಬೆಲ್ ಹೊಡೀತಾನ. ಒಂದೂ ಹಾಡಿಲ್ಲ. ಒಳಗ ಬಿಡಬೇಕೋ ಬ್ಯಾಡೋ ಅನ್ನೂದರಾಗ ಅರ್ಧ ಸಿನಿಮಾ ಹೋಗತೈತ್ರಿ, ಆದ್ರ ಕಣ್ಣು ಮಿಟಕಸಾಕ ಆಗಂಗಿಲ್ಲ. ಮನೋಜ್ ಬಾಜಪೇಯಿ ಮಾತಿನ ಮ್ಯಾಲೆ ಮಾತು ಸುರಿಸಿ ತಲಿ ತಿಂತಾನಲ್ಲ, ಅಂವ ಒಳ್ಳೇವನೋ ಕೆಟ್ಟವನೋ ಕಡೀತನಾ ತಿಳೀಯಂಗಿಲ್ಲ.

ಒಂಟಿಮನೆ
ಒಬ್ಬರೇ ಇರುವವರಿಗೆ 'ಕೌನ್?' ಹೇಳಬೇಡಿ ಅಣ್ಣಾ, ನಿಜವಾಗಿ ಹೇಳ್ತಿದ್ದೀನಿ. ಆಮೇಲೆ ಕಾಲಿಂಗ್ ಬೆಲ್ ಹೊಡೆದರೆ ಬಾಗಿಲು ತೆಗೆಯೋಕೆ ಧೈರ್ಯ ಬರಲ್ಲ. ನಾನು ಒಂಟಿಯಾಗಿರುವಾಗ ಜನ ತುಂಬಿರುವ ಸಿನಿಮಾ ಹಾಕಿಕೊಳ್ತೀನಿ. ಫಣಿ ರಾಮಚಂದ್ರ ಅವರ 'ಗಣೇಶನ ಮದುವೆ' (1990) ಹಾಗೆ. ವಠಾರ, ಜಗಳ, ಕೂಗಾಟ, ಮುಖ್ಯಮಂತ್ರಿ ಚಂದ್ರು ಗಲಾಟೆ. ಮನೆ ತುಂಬಾ ಜನ ಇದ್ದಾರೆ ಅನ್ನಿಸುತ್ತೆ, ನೋಡದೆ ಬರೀ ಕಿವಿಗೆ ಬಿದ್ದರೂ ಸಾಕು.

ಇನ್ನೊಂದು ಹೇಳಲೇಬೇಕು. ನಿನ್ನೆಗೂ ಇವತ್ತಿಗೂ ವ್ಯತ್ಯಾಸವೇ ಗೊತ್ತಾಗದ ಹಾಗೆ ದಿನ ಕಳೀತಿರುವಾಗ 'ಗ್ರೌಂಡ್‌ಹಾಗ್ ಡೇ' (1993). ಬಿಲ್ ಮರ್ರೇ ಪ್ರತಿದಿನ ಬೆಳಿಗ್ಗೆ ಅದೇ ದಿನಕ್ಕೇ ಏಳ್ತಾನೆ. ಯಾಕೆ ಹಾಗಾಗುತ್ತೆ ಅಂತ ಸಿನಿಮಾ ಕೊನೆಯವರೆಗೂ ವಿವರಿಸಲ್ಲ, ಅದೇ ಅದರ ಜಾಣತನ. ಮೊದಲು ಮಜಾ ಮಾಡ್ತಾನೆ, ಆಮೇಲೆ ಹತಾಶನಾಗ್ತಾನೆ, ಆಮೇಲೆ ಪಿಯಾನೋ ಕಲಿಯೋಕೆ ಕೂರ್ತಾನೆ. ನಗಿಸುತ್ತಲೇ ಎಷ್ಟು ದೂರ ಕರ್ಕೊಂಡು ಹೋಗ್ತಾರೆ ನೋಡಿ.

ಇಬ್ಬರಮ್ಮ
ಮಕ್ಕಳಿರುವ ಮನೆಯವರೂ ಇದ್ದೀವಿ ಇಲ್ಲಿ! ಮಕ್ಕಳಿಗೆ ರಜೆ, ಹೊರಗೆ ಬಿಡುವ ಹಾಗಿಲ್ಲ ಅಂದಾಗ ನಮ್ಮ ಮನೆಯಲ್ಲಿ ಓಡುವುದು ಮಿಯಾಝಾಕಿಯ ಜಪಾನಿ ಅನಿಮೇಷನ್ ಚಿತ್ರ 'ಮೈ ನೇಬರ್ ಟೊಟೊರೊ' (1988). ಇದರಲ್ಲಿ ಖಳನಾಯಕನೇ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿ, ಅಪ್ಪ ಅಕ್ಕತಂಗಿಯರನ್ನು ಕರೆದುಕೊಂಡು ಹಳ್ಳಿಮನೆಗೆ ಬಂದಿದ್ದಾನೆ, ಪಕ್ಕದ ಕಾಡಿನಲ್ಲಿ ಒಂದು ದೊಡ್ಡ ಪ್ರಾಣಿ. ಮಿಯಾಝಾಕಿಯ ತಾಯಿ ಕೂಡ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಮಲಗಿದ್ದವರು. ಅದಕ್ಕೇ ಇರಬೇಕು, ಅಮ್ಮನಿಗೆ ಏನಾಗುತ್ತೋ ಅನ್ನುವ ಮಕ್ಕಳ ಭಯವನ್ನು ದೊಡ್ಡದು ಮಾಡದೆ, ಮುಚ್ಚಿಯೂ ಇಡದೆ ತೋರಿಸಿದ್ದಾರೆ. ಬಸ್ ಸ್ಟಾಪಿನಲ್ಲಿ ಮಳೆಗೆ ಛತ್ರಿ ಹಿಡಿದು ನಿಲ್ಲುವ ದೃಶ್ಯ ಬಂದರೆ ನನ್ನ ಮಕ್ಕಳು ಉಸಿರು ಬಿಗಿಹಿಡಿದು ಕೂರ್ತಾರೆ, ಎಷ್ಟನೇ ಸಲವಾದರೂ ಸರಿ.

ಒಂದು ಎಚ್ಚರಿಕೆ: ಜಪಾನಿನಲ್ಲಿ ಇದರ ಜೊತೆಗೇ ಬಿಡುಗಡೆಯಾದದ್ದು 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. ಅದೇ ಸ್ಟುಡಿಯೋ ಅಂತ ನಂಬಿ ಮಕ್ಕಳಿಗೆ ಹಾಕಿಬಿಡಬೇಡಿ. ಯುದ್ಧದಲ್ಲಿ ಅನಾಥರಾದ ಅಣ್ಣತಂಗಿಯ ಕಥೆ. ದೊಡ್ಡವರಿಗೇ ತಡೆಯಲು ಆಗಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಮಜೀದ್ ಮಜೀದಿಯ 'ಚಿಲ್ಡ್ರನ್ ಆಫ್ ಹೆವನ್' (1997). ತಂಗಿಯ ಶೂ ಕಳೆದುಹೋಗುತ್ತೆ. ಇರುವ ಒಂದೇ ಜೊತೆಯನ್ನು ಅಣ್ಣತಂಗಿ ಬದಲಾಯಿಸಿಕೊಂಡು ಹಾಕಿಕೊಳ್ತಾರೆ, ಅಪ್ಪ ಅಮ್ಮನಿಗೆ ಗೊತ್ತಾಗದ ಹಾಗೆ. ಓಟದ ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಶೂ, ಹಾಗಾಗಿ ಅವನಿಗೆ ಮೊದಲು ಬರುವುದು ಬೇಡ, ಮೂರನೆಯವನಾಗಿ ಬರಬೇಕು. ಇಷ್ಟು ಚಿಕ್ಕ ಎಳೆಯಿಂದ ಇಷ್ಟು ಒತ್ತಡ ಹುಟ್ಟಿಸಿದ ಬೇರೆ ಮಕ್ಕಳ ಚಿತ್ರ ನಾನು ನೋಡಿಲ್ಲ.

ಇಪ್ಪತ್ನಾಲ್ಕುಫ್ರೇಮು
ಎಲ್ಲರೂ ಏನು ನೋಡಬೇಕು ಅಂತ ಹೇಳ್ತಿದ್ದೀರಿ, ಹೇಗೆ ನೋಡಬೇಕು ಅಂತ ನಾನು ಹೇಳ್ತೀನಿ. ಟಿವಿ ಸೆಟ್ಟಿಂಗ್ಸ್‌ಗೆ ಹೋಗಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಸಿನಿಮಾ ಚಿತ್ರೀಕರಣ ಆಗುವುದು ಸೆಕೆಂಡಿಗೆ 24 ಫ್ರೇಮುಗಳಲ್ಲಿ. ಟಿವಿ ತನ್ನಷ್ಟಕ್ಕೆ ತಾನೇ ನಡುವೆ ಇಲ್ಲದ ಫ್ರೇಮುಗಳನ್ನು ಸೃಷ್ಟಿಸಿ ತುಂಬಿದಾಗ ಎಷ್ಟು ದೊಡ್ಡ ಚಿತ್ರವೂ ಧಾರಾವಾಹಿಯ ಹಾಗೆ ಕಾಣುತ್ತೆ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತೆ, 'ಪಿಕ್ಚರ್' ವಿಭಾಗದಲ್ಲಿ ಹುಡುಕಿ. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಅದನ್ನೇ ಆರಿಸಿ, ಎಲ್ಲ ಒಟ್ಟಿಗೆ ಸರಿಹೋಗುತ್ತೆ.

ಎರಡನೆಯದು, ಹಳೇ ಕಪ್ಪು-ಬಿಳುಪು ಚಿತ್ರಗಳನ್ನು ಅಗಲಕ್ಕೆ ಎಳೆಯಬೇಡಿ. ಅವುಗಳ ಚೌಕಟ್ಟು ಹೆಚ್ಚುಕಡಿಮೆ 4:3. ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಬರಲಿ ಬಿಡಿ. 'ಕಸ್ತೂರಿ ನಿವಾಸ' (1971) ಚಿತ್ರದಲ್ಲಿ ರಾಜ್‌ಕುಮಾರ್ ಮುಖ ಅಗಲವಾಗಿ, ಕುಳ್ಳಗೆ ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ಆ ಚಿತ್ರಕ್ಕೆ 2014ರಲ್ಲಿ ಬಣ್ಣ ಹಚ್ಚಿ ಬಿಟ್ಟರು. ನನ್ನ ಕೇಳಿದರೆ ಕಪ್ಪು-ಬಿಳುಪಿನದ್ದೇ ನೋಡಿ.

ಜ್ವರದವನು
ಡೆಂಗ್ಯೂ ಬಂದು ಮಲಗಿದ್ದೀನಿ. ಅರ್ಧ ಗಂಟೆ ದಾಟಿದರೆ ತಲೆ ಸಿಡಿಯುತ್ತೆ. ಚಿಕ್ಕದು ಏನಾದರೂ?

ಮೂರನೇಸಾಲು
ಮೊದಲು ಆರಾಮ ಮಾಡಿ. ಆಮೇಲೆ ಆಲ್ಬರ್ಟ್ ಲಾಮೊರಿಸ್‌ನ 'ದಿ ರೆಡ್ ಬಲೂನ್' (1956), ಬರೀ 34 ನಿಮಿಷ. ಪ್ಯಾರಿಸ್ಸಿನ ಬೀದಿಗಳಲ್ಲಿ ಒಬ್ಬ ಹುಡುಗನ ಹಿಂದೆ ಒಂದು ಕೆಂಪು ಬಲೂನು ತಾನಾಗಿಯೇ ಬರುತ್ತೆ. ಹುಡುಗ ನಿರ್ದೇಶಕನ ಮಗನೇ. ಮಾತು ಇಲ್ಲವೇ ಇಲ್ಲ ಅನ್ನಬಹುದು, ಆದರೂ ಚಿತ್ರಕಥೆಗೆ ಆಸ್ಕರ್ ಬಂತು. ಬೂದು ಬಣ್ಣದ ಊರಿನಲ್ಲಿ ಆ ಒಂದು ಕೆಂಪು! ಬ್ರೈಟ್‌ನೆಸ್ ಕಮ್ಮಿ ಮಾಡಿಕೊಂಡು ನೋಡಿ.

ಹಳೇರೀಲು
ಮನೆಯೊಳಗಿನ ಸಿನಿಮಾದ ಮಾತು ಬಂದಮೇಲೆ ಜಾಫರ್ ಪನಾಹಿಯ 'ದಿಸ್ ಈಸ್ ನಾಟ್ ಎ ಫಿಲ್ಮ್' (2011) ಹೇಳದೆ ಈ ಚರ್ಚೆ ಬಿಟ್ಟು ಏಳಲಾರೆ. 2010ರ ಡಿಸೆಂಬರಿನಲ್ಲಿ ಇರಾನಿನ ನ್ಯಾಯಾಲಯ ಅವರಿಗೆ ಆರು ವರ್ಷ ಜೈಲು, 20 ವರ್ಷ ಸಿನಿಮಾ ಮಾಡದಂತೆ ನಿಷೇಧ ವಿಧಿಸಿತು. ಮೇಲ್ಮನವಿಯ ತೀರ್ಪಿಗೆ ಕಾಯುತ್ತಾ ಟೆಹರಾನಿನ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದಾಗ, ಗೆಳೆಯ ಮೊಜ್ತಬಾ ಮಿರ್ತಹ್ಮಾಸ್ಬ್ ಕ್ಯಾಮೆರಾ ಹಿಡಿದು ಬರ್ತಾರೆ. ಸ್ವಲ್ಪ ಭಾಗ ಪನಾಹಿಯ ಐಫೋನಿನಲ್ಲೇ ತೆಗೆದದ್ದು.

ನಿರ್ದೇಶನ ಮಾಡಬಾರದು ತಾನೇ, ಚಿತ್ರಕಥೆ ಓದಬಾರದು ಅಂತ ಹೇಳಿಲ್ಲವಲ್ಲ ಅಂತ ತಾವು ಮಾಡಲಾಗದೆ ಹೋದ ಸಿನಿಮಾವನ್ನು ಓದಿ ಹೇಳೋಕೆ ಶುರು ಮಾಡ್ತಾರೆ. ಕಾರ್ಪೆಟ್ ಮೇಲೆ ಟೇಪ್ ಅಂಟಿಸಿ, ಇದು ಹುಡುಗಿಯ ಕೋಣೆ, ಇದು ಕಿಟಕಿ, ಇದು ಮೆಟ್ಟಿಲು ಅಂತ ತೋರಿಸ್ತಾರೆ. ಸ್ವಲ್ಪ ಹೊತ್ತು ಉತ್ಸಾಹದಿಂದ ಹೇಳಿ, ಥಟ್ಟನೆ ನಿಲ್ಲಿಸಿಬಿಡ್ತಾರೆ. ಹೇಳಿ ಮುಗಿಸುವ ಹಾಗಿದ್ದರೆ ಸಿನಿಮಾ ಮಾಡುವುದಾದರೂ ಯಾಕೆ ಅನ್ನುವ ಪ್ರಶ್ನೆ ಅವರ ಗಂಟಲು ಕಟ್ಟಿಸುತ್ತೆ. ಹೊರಗೆ ಹಬ್ಬದ ಪಟಾಕಿ ಸದ್ದು, ಒಳಗೆ ಸೋಫಾ ಮೇಲೆ ಅವರ ಮನೆಯ ಇಗ್ವಾನಾ ಹರಿದಾಡ್ತಿರುತ್ತೆ. ಈ ಚಿತ್ರ ಯುಎಸ್‌ಬಿ ಡ್ರೈವಿನಲ್ಲಿ ಇರಾನಿನಿಂದ ಹೊರಬಿದ್ದು 2011ರ ಕಾನ್ ಉತ್ಸವ ತಲುಪಿತು. ಆಮೇಲೂ ಆ ಮನುಷ್ಯ ಸುಮ್ಮನೆ ಕೂರಲಿಲ್ಲ. ಟ್ಯಾಕ್ಸಿಯೊಳಗೆ ಕ್ಯಾಮೆರಾ ಇಟ್ಟು 'ಟ್ಯಾಕ್ಸಿ' ಮಾಡಿದರು, 2015ರಲ್ಲಿ ಬರ್ಲಿನ್ ಉತ್ಸವದ ಗೋಲ್ಡನ್ ಬೇರ್ ಗೆದ್ದರು.

ನಮ್ಮನ್ನು ಮನೆಯಲ್ಲಿ ಕೂರಿಸಿರುವುದು ಮಳೆ, ಮೂಳೆ, ಜ್ವರ. ಅವರನ್ನು ಕೂರಿಸಿದ್ದು ಸರ್ಕಾರ. ಎರಡೂ ಒಂದೇ ಅಲ್ಲ, ಅದು ನನಗೆ ಗೊತ್ತು. ಆದರೂ ಒಂದು ಕೋಣೆಯಲ್ಲಿ ಏನೇನು ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ.

ಕಿಟಕಿಪಕ್ಕ
'ರಿಯರ್ ವಿಂಡೋ' ನೋಡಿದೆ. ಪ್ಲಾಸ್ಟರ್ ಒಳಗೆ ತುರಿಕೆ ಬಂದು ಅವನು ಕೋಲು ತೂರಿಸಿ ಕೆರೆದುಕೊಳ್ಳುವಾಗ ಅವನ ಮುಖದಲ್ಲಿ ಮೂಡುವ ಆ ಸುಖ! ಅದು ಅನುಭವಿಸಿದವರಿಗೇ ಗೊತ್ತು. ಕೊಲೆಯ ಭಾಗಕ್ಕಿಂತ ಆ ಒಂಟಿ ಹೆಂಗಸು ಮನಸ್ಸಿನಲ್ಲಿ ಉಳಿದಳು. 'ಸ್ಟ್ರೇಟ್ ಸ್ಟೋರಿ'ಯನ್ನೂ ನೋಡಿದೆ, ಅರ್ಧಕ್ಕೇ ಅಳು ಬಂತು. ಮೂರನೇಸಾಲು ಮತ್ತು ಹಳೇರೀಲು ಇಬ್ಬರಿಗೂ ನನ್ನ ವಂದನೆ. ಇವೆರಡರಲ್ಲಿ ಯಾವುದು ಹೆಚ್ಚು ಅಂತ ನಾನು ತೀರ್ಪು ಕೊಡಲ್ಲ. ಹಗಲು ರಸ್ತೆ ಬೇಕಾಗುತ್ತೆ, ರಾತ್ರಿ ಕೋಣೆಯ ಕಥೆ ಹಿಡಿಸುತ್ತೆ, ನನ್ನ ಮಟ್ಟಿಗೆ ಹಾಗಾಗಿದೆ.

ಈಗ ದಿನಕ್ಕೊಂದು ಗಂಟೆಯ ಹಾಗೆ ಮುಂದುವರಿಸಿಕೊಂಡು ಹೋಗಬಹುದಾದದ್ದು ಬೇಕು. ಆದರೆ ಮುಗಿಯದೇ ಎಳೆಯುವ ಸೀರೀಸ್ ಬೇಡ.

ಇಪ್ಪತ್ನಾಲ್ಕುಫ್ರೇಮು
ಕೀಶ್ಲೋವ್‌ಸ್ಕಿಯ 'ಡೆಕಲಾಗ್'. 1980ರ ದಶಕದ ಕೊನೆಯಲ್ಲಿ ಪೋಲೆಂಡ್ ಟಿವಿಗಾಗಿ ಮಾಡಿದ್ದು. ಹತ್ತು ಭಾಗ, ಒಂದೊಂದೂ ಸುಮಾರು ಒಂದು ಗಂಟೆ. ವಾರ್ಸಾದ ಒಂದೇ ವಸತಿ ಸಮುಚ್ಚಯದಲ್ಲಿ ಇರುವವರ ಬೇರೆ ಬೇರೆ ಕಥೆಗಳು. ಒಂದರಲ್ಲಿ ನಾಯಕನಾದವನು ಇನ್ನೊಂದರಲ್ಲಿ ಲಿಫ್ಟಿನ ಹತ್ತಿರ ಸುಮ್ಮನೆ ಹಾದುಹೋಗಬಹುದು. ಮಾತೇ ಆಡದ ಒಬ್ಬ ಯುವಕ ಬಹುತೇಕ ಎಲ್ಲ ಭಾಗಗಳಲ್ಲೂ ಬಂದು, ನೋಡಿ, ಹೋಗ್ತಾನೆ. ಅವನು ಯಾರು ಅಂತ ಯಾರೂ ಹೇಳಲ್ಲ. ನಿಮ್ಮ ಕಿಟಕಿ ಸಿನಿಮಾ ಹಿಡಿಸಿದ್ದರೆ ಇದೂ ಹಿಡಿಸುತ್ತೆ.

ಕಿಟಕಿಪಕ್ಕ
ಕ್ರಮವಾಗಿ ಒಂದರಿಂದಲೇ ಶುರು ಮಾಡಬೇಕಾ?

ಇಪ್ಪತ್ನಾಲ್ಕುಫ್ರೇಮು
ಬೇಡ. ಪ್ರತಿ ಭಾಗವೂ ಸ್ವತಂತ್ರ. ಮೊದಲನೆಯದು ಅದ್ಭುತ, ಆದರೆ ತುಂಬ ಭಾರ, ನೀವು ಈಗಿರುವ ಸ್ಥಿತಿಯಲ್ಲಿ ಅದನ್ನು ಮೊದಲು ನೋಡಬೇಡಿ. ಐದನೆಯದನ್ನೂ ಸದ್ಯಕ್ಕೆ ಬದಿಗಿಡಿ, ಕೊಲೆ ಮತ್ತು ಮರಣದಂಡನೆಯ ಕಥೆ, ಬಹಳ ಕಟುವಾಗಿದೆ. ಹತ್ತನೆಯದರಿಂದ ಶುರು ಮಾಡಿ. ತೀರಿಹೋದ ಅಪ್ಪ ಬಿಟ್ಟುಹೋದ ಅಂಚೆಚೀಟಿ ಸಂಗ್ರಹ ಇಬ್ಬರು ಗಂಡುಮಕ್ಕಳ ಕೈಗೆ ಬರುತ್ತೆ, ಅದರ ಬೆಲೆ ಗೊತ್ತಾದಮೇಲೆ ಇಬ್ಬರಿಗೂ ನಿದ್ದೆ ಇಲ್ಲ. ಹತ್ತರಲ್ಲಿ ನಗಿಸುವುದು ಅದೊಂದೇ. ಅದು ಇಷ್ಟವಾದರೆ ಆರನೆಯದಕ್ಕೆ ಹೋಗಿ, ಅದರಲ್ಲೂ ಒಬ್ಬ ಹುಡುಗ ಎದುರು ಕಿಟಕಿ ನೋಡ್ತಾ ಕೂತಿರ್ತಾನೆ. ನೋಡಿದಮೇಲೆ ಇಲ್ಲೇ ಬರೀರಿ, ಆ ಮೌನದ ಯುವಕನ ಬಗ್ಗೆ ನನಗೂ ಒಂದಷ್ಟು ಮಾತಾಡೋದಿದೆ.